ಭಾನುವಾರ ಎಲ್ಲಿ ಹೋಯ್ತು ಸ್ವಾಮಿ?

ಹೋದ ತಿಂಗಳು ರೈಲು ಲೇಟಾಗೋದರ ಬಗ್ಗೆ ಬರೀತಾ ಕೊನೇಲಿ "ವಿಮಾನದ್ದು ಇನ್ನೊಂದ್ಸಲ ನೋಡೋಣ" ಅಂತ ಸುಮ್ನೆ ಒಂದು ಮಾತು ಸೇರಿಸಿದ್ದೆ, ಅದೇ ತಪ್ಪಾಗೋಯ್ತು. ಈ ಸಲ ಬಂದಿರೋ ಪತ್ರ, ಇಮೇಲ್, ವಾಟ್ಸಾಪ್ ಎಲ್ಲ ಸೇರಿ ಅರ್ಧಕ್ಕರ್ಧ ವಿಮಾನದ್ದೇ, ಅದ್ರಲ್ಲೂ ಮುಕ್ಕಾಲು ಪಾಲು ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ. ಯಾಕೆ ಅಂತ ಕೇಳೋದೇ ಬೇಡ, ಊರಲ್ಲಿ ಎರಡು ಮನೆ ಬಿಟ್ಟು ಮೂರನೇ ಮನೆ ಹುಡುಗ್ರು ಆ ಕಡೇನೇ ಇರೋದು. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆ ಎಲ್ಲ ಪಕ್ಕಕ್ಕಿಟ್ಟಿದೀನಿ, ಮಾವಿನ ಗಿಡದ ಪ್ರಶ್ನೆ ಕೇಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮಗ ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಫ್ರೀಮಾಂಟಲ್ಲಿದ್ದಾನೆ, ಸೊಸೆ ಬಾಣಂತನಕ್ಕೆ ಡಿಸೆಂಬರಲ್ಲಿ ನಾವಿಬ್ಬರೂ ಹೊರಟಿದೀವಿ, ವಿಮಾನ ಹತ್ತೋದು ಇದೇ ಮೊದಲು. ಟಿಕೆಟ್ಟಲ್ಲಿ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಅಂತಿದೆ. ಹಾಸನದಿಂದ ಬೆಂಗಳೂರಿಗೇ ನಾಲ್ಕು ಗಂಟೆ ಬೇಕು, ಇದೇನು ಎರಡೂವರೆ ಗಂಟೆ? ವಾಪಸ್ ಬರೋದು ಇನ್ನೂ ವಿಚಿತ್ರ, ಶನಿವಾರ ರಾತ್ರಿ ಎಂಟೂವರೆಗೆ ಹತ್ತಿದ್ರೆ ಸೋಮವಾರ ಬೆಳಗಿನ ಜಾವ ಮೂರು ಮುಕ್ಕಾಲಿಗೆ ಇಳಿಯೋದಂತೆ. ಭಾನುವಾರ ಎಲ್ಲಿ ಹೋಯ್ತು? ಆ ಭಾನುವಾರ ಏಕಾದಶಿ ಬೇರೆ. ನಮ್ಮ ಯಜಮಾನ್ರು ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ಇಪ್ಪತ್ತು ಸಾವಿರ ಕಿಲೋಮೀಟರ್ ಅಂತಾರೆ, ಮಗ ಹದಿನಾಲ್ಕು ಅಂತಾನೆ. ಯಾರ ಮಾತು ನಂಬಲಿ? — ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಮೇಡಂ, ಮೊದಲು ಗಡಿಯಾರದ್ದು ಮುಗಿಸೋಣ. ಟಿಕೆಟ್ಟಲ್ಲಿ ಹೊರಡೋ ಟೈಮ್ ಹೊರಡೋ ಊರಿಂದು, ಇಳಿಯೋ ಟೈಮ್ ಇಳಿಯೋ ಊರಿಂದು, ಎರಡು ಗಡಿಯಾರ ಇಟ್ಕೊಂಡು ಒಂದರಲ್ಲಿ ಇನ್ನೊಂದನ್ನ ಕಳೆದ್ರೆ ಲೆಕ್ಕ ಹೇಗೆ ಬರುತ್ತೆ ಹೇಳಿ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿ ಮಧ್ಯಾಹ್ನ ಎರಡೂವರೆ ಅಂದ್ರೆ ಅಲ್ಲಿ ಅದೇ ತಾರೀಖು ರಾತ್ರಿ ಒಂದು ಗಂಟೆ, ನಿಮ್ಮ ಮಗ ಇನ್ನೂ ನಿದ್ದೇಲಿರ್ತಾನೆ. ಅವನ ಗಡಿಯಾರದ ಒಂದು ಗಂಟೆಗೆ ಹೊರಟು ಅವನ ಗಡಿಯಾರದ ಸಂಜೆ ಐದಕ್ಕೆ ಇಳೀತೀರ, ಹದಿನಾರು ಗಂಟೆ. ಅಷ್ಟೇ. ನಂಬಿಕೆ ಬರದಿದ್ರೆ ಯಜಮಾನ್ರ ವಾಚನ್ನ ಅಲ್ಲಿಗೆ ಹೋದ ಮೇಲೂ ಬದಲಾಯಿಸದೆ ಇಟ್ಕೊಳ್ಳೋಕೆ ಹೇಳಿ, ಇಳಿಯೋ ಹೊತ್ತಿಗೆ ಅದು ಮಾರನೇ ದಿನ ಬೆಳಿಗ್ಗೆ ಆರೂವರೆ ತೋರಿಸ್ತಿರುತ್ತೆ, ಹಾಸನದಲ್ಲಿ ಹಾಲಿನವನು ಬರೋ ಹೊತ್ತು. ಇನ್ನೊಂದು, ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದ ತನಕ ಅವ್ರು ಗಡಿಯಾರ ಒಂದು ಗಂಟೆ ಮುಂದೆ ಇಟ್ಕೋತಾರೆ, ಆಗ ವ್ಯತ್ಯಾಸ ಹನ್ನೆರಡೂವರೆ ಆಗುತ್ತೆ, ಬೇಸಿಗೇಲಿ ಹೋಗೋರು ಅದನ್ನ ನೆನಪಿಟ್ಕೊಳ್ಳಿ.

ವಾಪಸ್ ಬರೋದೂ ಇದೇ ಲೆಕ್ಕ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಅನ್ನೋವಾಗ ಇಲ್ಲಿ ಆಗ್ಲೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ನೀವು ಸೀಟ್ ಬೆಲ್ಟ್ ಹಾಕ್ಕೊಳ್ಳೋ ಮುಂಚೇನೇ ಅರ್ಧ ಭಾನುವಾರ ಹಾಸನದಲ್ಲಿ ಖರ್ಚಾಗಿರುತ್ತೆ, ಉಳಿದದ್ದು ವಿಮಾನದೊಳಗೆ ಕಳೆಯುತ್ತೆ. ಹೋಗ್ತಾ ಒಂದು ಸಂಜೆ ಲಾಭ ಮಾಡ್ಕೊಂಡಿರಲ್ಲ, ಅದನ್ನ ಬರ್ತಾ ಬಡ್ಡಿ ಇಲ್ದೆ ವಾಪಸ್ ಕೊಟ್ಟಿರಿ ಅಂದ್ಕೊಳ್ಳಿ.

ಏಕಾದಶಿ ಪ್ರಶ್ನೆ ನನಗೆ ತುಂಬಾ ಇಷ್ಟ ಆಯ್ತು. ತಿಥಿ ಅನ್ನೋದು ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ದೂರ ಸರಿಯೋದರ ಲೆಕ್ಕ, ಅದು ಹುಟ್ಟೋ ಕ್ಷಣ ಹಾಸನಕ್ಕೂ ಫ್ರೀಮಾಂಟ್‌ಗೂ ಒಂದೇ, ಆದ್ರೆ ಯಾವ ದಿನ ಆಚರಿಸಬೇಕು ಅನ್ನೋದು ಆಯಾ ಊರಿನ ಸೂರ್ಯೋದಯ ನೋಡಿ, ಅದಕ್ಕೇ ಅಮೆರಿಕದ ಪಂಚಾಂಗದಲ್ಲಿ ಎಷ್ಟೋ ಸಲ ಹಬ್ಬ ಒಂದು ದಿನ ಹಿಂದೆ ಬರೋದು. ಈಗ ನಿಮ್ಮ ಸಮಸ್ಯೆ ಏನಂದ್ರೆ ಆ ವಿಮಾನದಲ್ಲಿ ಸೂರ್ಯೋದಯವೇ ಇಲ್ಲ! ತಮಾಷೆಗಲ್ಲ ಹೇಳ್ತಿರೋದು. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾ ಈ ಮಾರ್ಗದ ಮೊದಲನೇ ನಾನ್‌ಸ್ಟಾಪ್ ವಿಮಾನವನ್ನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾರಿಸ್ತು, ಕಾಕ್‌ಪಿಟ್‌ನಲ್ಲಿದ್ದ ನಾಲ್ಕೂ ಜನ ಹೆಣ್ಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಬಂದು 11ನೇ ತಾರೀಖು ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಸಿದ್ರು. ಹೊರಟಾಗ ಅಲ್ಲಿ ಕತ್ತಲೆ, ಮಧ್ಯೆ ಧ್ರುವದಲ್ಲಿ ಜನವರಿ ಪೂರ್ತಿ ಸೂರ್ಯ ಹುಟ್ಟೋದೇ ಇಲ್ಲ, ಇಳಿದಾಗ ಇಲ್ಲೂ ಕತ್ತಲೆ. ಹದಿನೇಳು ಗಂಟೆ ಒಂದೇ ರಾತ್ರಿ! ಇಂಥ ಕಡೆ ವ್ರತದ ಲೆಕ್ಕ ಹೇಗೆ ಅಂತ ನಿಮ್ಮ ಮನೆ ಪುರೋಹಿತರನ್ನೇ ಕೇಳಿ, ಅವ್ರು ಏನ್ ಹೇಳಿದ್ರು ಅಂತ ನನಗೂ ಒಂದು ಕಾಗದ ಬರೀರಿ. ನನ್ನ ಕಡೆಯಿಂದ ಒಂದೇ ಸಲಹೆ, ಊಟದ ಆಯ್ಕೆಯಲ್ಲಿ ಹಣ್ಣಿನ ತಟ್ಟೆ ಅಂತ ಸಾಮಾನ್ಯವಾಗಿ ಇರುತ್ತೆ, ಅದನ್ನ ಒಂದೆರಡು ದಿನ ಮುಂಚೆನೇ ಮಗನ ಕೈಲಿ ಬುಕ್ ಮಾಡಿಸಿ, ಹತ್ತಿದ ಮೇಲೆ ಕೇಳಿದ್ರೆ ಸಿಗಲ್ಲ.

ಇನ್ನು ಯಜಮಾನ್ರ ಸ್ಕೇಲು. ಅವ್ರ ಲೆಕ್ಕ ತಪ್ಪಿಲ್ಲ, ಗೋಡೆ ಮ್ಯಾಪ್ ತಪ್ಪು. ಅವ್ರ ಗೆರೆ ಅರಬ್ಬೀ ಸಮುದ್ರ ದಾಟಿ, ಸಹಾರಾ ಮರುಭೂಮಿ ಮೇಲೆ ಹಾದು, ಅಟ್ಲಾಂಟಿಕ್ ದಾಟಿ, ಆಮೇಲೆ ಅಮೆರಿಕದ ಆ ಕಡೆಯಿಂದ ಈ ಕಡೆ ತನಕ ಪೂರ್ತಿ ಅಗಲ ಹೋಗಿರುತ್ತೆ, ಹೌದಲ್ವಾ? ನಿಜವಾಗ್ಲೂ ಆ ಗೆರೆ ಹಿಡ್ಕೊಂಡು ಹೋದ್ರೆ ಇಪ್ಪತ್ತು ಸಾವಿರದ ಮೇಲೇ ಆಗುತ್ತೆ. ಆದ್ರೆ ಭೂಮಿ ದುಂಡಗಿದೆ, ಮ್ಯಾಪ್ ಚಪ್ಪಟೆ ಇದೆ, ಮೂಸಂಬಿ ಸಿಪ್ಪೆ ಸುಲಿದು ಮೇಜಿನ ಮೇಲೆ ಒತ್ತಿ ಹರಡಿದ್ರೆ ಹೇಗೆ ಹರಿದು ಎಳೆದಾಡುತ್ತೋ ಹಾಗೆ, ಮ್ಯಾಪ್ ಮಾಡೋರು ಉತ್ತರದ ಭಾಗನೆಲ್ಲ ಅಗಲಕ್ಕೆ ಎಳೆದುಬಿಟ್ಟಿದಾರೆ.

ನಾನು ಇದನ್ನ ಬರೆಯೋ ಮುಂಚೆ ಮನೇಲಿರೋ ಗ್ಲೋಬ್ ಇಳಿಸಿಕೊಂಡು ನೋಡ್ದೆ, ಒಂದಡಿ ಅಡ್ಡಳತೆ ಇರೋದು, ಧೂಳು ಒರೆಸೋಕೇ ಐದು ನಿಮಿಷ ಹಿಡೀತು. ಹೊಲಿಗೆ ದಾರದ ಒಂದು ತುದಿ ಬೆಂಗಳೂರ ಮೇಲೆ ಹೆಬ್ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಎಳೀತಾ ಬಂದೆ ನೋಡಿ, ದಾರ ಸಡಿಲ ಇದ್ದಾಗ ಪೆಸಿಫಿಕ್ ಸಮುದ್ರದ ಮಧ್ಯೆ ಬಿದ್ದಿತ್ತು, ಬಿಗಿ ಮಾಡ್ತಿದ್ದಂಗೆ ತಾನಾಗೇ ಜಾರಿ ಮೇಲಕ್ಕೆ ಹತ್ತಿಬಿಡ್ತು. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲ್ಲಿಂದ ಅಲಾಸ್ಕಾ ಮೇಲೆ ಇಳಿದು ಸೀದಾ ಕ್ಯಾಲಿಫೋರ್ನಿಯಾ. ಅಳೆದ್ರೆ ಸುಮಾರು 33 ಸೆಂಟಿಮೀಟರ್. ಯಜಮಾನ್ರ ದಾರೀಲಿ ಅದೇ ದಾರ ಹಿಡಿದ್ರೆ 48 ಸೆಂಟಿಮೀಟರ್ ಹತ್ರ ಬೇಕು. ಆ 33 ಸೆಂಟಿಮೀಟರ್‌ನ ಭೂಮಿ ಅಳತೆಗೆ ತಂದ್ರೆ ಹದಿನಾಲ್ಕು ಸಾವಿರ ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ. ಮಗ ಗೆದ್ದ. ನೀವು ಶಾಲೆ ನಡೆಸಿದವರು, ಗ್ಲೋಬ್ ಎಲ್ಲಾದ್ರೂ ಇದ್ದೇ ಇರುತ್ತೆ, ಯಜಮಾನ್ರ ಕೈಗೇ ದಾರ ಕೊಡಿ, ಬೇರೆಯವರು ಹೇಳಿದ್ರೆ ಗಂಡಸರು ಒಪ್ಪಲ್ಲ.

ಆದ್ರೆ ವಿಮಾನ ಆ ದಾರದ ಮೇಲೇ ಹೋಗುತ್ತೆ ಅಂದ್ಕೋಬೇಡಿ. ಟಿಬೆಟ್ ಮೇಲೆ ಹಾರೋದನ್ನ ಸಾಮಾನ್ಯವಾಗಿ ತಪ್ಪಿಸ್ತಾರೆ, ಯಾಕಂದ್ರೆ ಒಳಗಿನ ಗಾಳಿ ಒತ್ತಡ ಹೋಗಿಬಿಟ್ರೆ ಪೈಲಟ್ ಉಸಿರಾಡೋಕಾಗೋ ಎತ್ತರಕ್ಕೆ, ಅಂದ್ರೆ ಮೂರು ಸಾವಿರ ಮೀಟರ್ ಹತ್ರಕ್ಕೆ, ಬೇಗ ಇಳಿಸಬೇಕು, ಮೇಲಿಂದ ಬೀಳೋ ಮಾಸ್ಕಲ್ಲಿ ಆಕ್ಸಿಜನ್ ಬರೋದು ಕೆಲವೇ ನಿಮಿಷ. ಟಿಬೆಟ್‌ನಲ್ಲಿ ನೆಲಾನೇ ನಾಲ್ಕೂವರೆ ಸಾವಿರ ಮೀಟರ್ ಮೇಲಿದೆ, ಇಳಿಸೋದು ಎಲ್ಲಿಗೆ? ಮೇಲೆ ರಾಜಕೀಯ ಬೇರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶ ನಮ್ಮ ವಿಮಾನಗಳಿಗೆ ಮುಚ್ಚಿದ ಮೇಲೆ ಉತ್ತರ ಭಾರತದಿಂದ ಪಶ್ಚಿಮಕ್ಕೆ ಹೋಗೋ ಎಷ್ಟೋ ವಿಮಾನ ಸುತ್ತಿ ಬಳಸಿ ಹೋಗಬೇಕಾಯ್ತು. ಆಕಾಶಕ್ಕೆ ಬೇಲಿ ಇಲ್ಲ ಅಂತ ಕವಿಗಳು ಬರೀಬಹುದು, ಪೈಲಟ್‌ಗೆ ಬೇಲಿ ಇದೆ.

ಪ್ರಶ್ನೆ: ದೂರ ಒಂದೇ, ವಿಮಾನ ಒಂದೇ, ಆದ್ರೂ ಹೋಗೋವಾಗ ಹದಿನಾರು ಗಂಟೆ, ಬರೋವಾಗ ಹದಿನೇಳು ಮುಕ್ಕಾಲು ಅಂತ ಬರೀತಾರಲ್ಲ, ಬರ್ತಾ ಏನು ದಿಬ್ಬ ಹತ್ತಬೇಕಾ? — ಒಬ್ಬ ಓದುಗರು, ಮೈಸೂರು

ಉತ್ತರ: ದಿಬ್ಬ ಅಲ್ಲ, ಹೊಳೆ. ಹಂಪಿ ಹತ್ರ ಹರಿಗೋಲಲ್ಲಿ ಕೂತಿದ್ರೆ ಗೊತ್ತಿರುತ್ತೆ, ನೀರಿನ ಜೊತೆ ಹೋಗೋವಾಗ ಅಂಬಿಗ ಬೀಡಿ ಹಚ್ಕೊಂಡು ಕೂರ್ತಾನೆ, ವಾಪಸ್ ಬರೋವಾಗ ಬೆವರು ಕಿತ್ಕೊಂಡು ಬರುತ್ತೆ. ವಿಮಾನ ಹಾರೋ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳು ಹರೀತಿರ್ತವೆ, ಜೆಟ್ ಸ್ಟ್ರೀಮ್ ಅಂತಾರೆ. ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಸರ್ವೇಸಾಮಾನ್ಯ, ಚಳಿಗಾಲದಲ್ಲಿ ಜಪಾನ್ ಆಸುಪಾಸಿನಲ್ಲಿ ಮುನ್ನೂರು ದಾಟುತ್ತೆ. ಹದಿನಾಲ್ಕು ಸಾವಿರ ಕಿಲೋಮೀಟರನ್ನ ಗಾಳಿ ಇಲ್ದೆ ಗಂಟೆಗೆ 900ರಲ್ಲಿ ಹೋದ್ರೆ ಹದಿನೈದೂವರೆ ಗಂಟೆ. ದಾರಿಯುದ್ದಕ್ಕೂ ಬೆನ್ನಿಗೆ ನೂರು ಕಿಲೋಮೀಟರ್ ಗಾಳಿ ಸಿಕ್ರೆ ಹದಿನಾಲ್ಕು ಗಂಟೆಗೆ ಮುಗೀತು, ಅದೇ ಗಾಳಿ ಎದುರಿಗೆ ಬಂದ್ರೆ ಹದಿನೇಳೂವರೆ.

ಅದಕ್ಕೇ ಅವ್ರು ಹೋಗೋ ದಾರಿ ಒಂದು ಬರೋ ದಾರಿ ಒಂದು ಹಿಡಿಯೋದು. ಅಮೆರಿಕಕ್ಕೆ ಹೋಗ್ತಾ ಕೆಳಗೆ ಪೆಸಿಫಿಕ್ ಮೇಲೆ ಈ ಹೊಳೆಗೆ ಬಿದ್ದು ತೇಲಿಕೊಂಡು ಹೋಗ್ತಾರೆ, ವಾಪಸ್ ಬರ್ತಾ ಎದುರು ಗಾಳಿ ತಪ್ಪಿಸೋಕೆ ಧ್ರುವದ ಕಡೆ ಮೇಲಕ್ಕೆ ಹೋಗ್ತಾರೆ. ಧ್ರುವದ ಮೇಲೆ ಅಂದ್ರೆ ಭಾರೀ ಸುತ್ತು ಅನ್ಸುತ್ತೆ, ಆದ್ರೆ ಸರಿಯಾಗಿ ಉತ್ತರ ಧ್ರುವದ ಬಿಂದು ಮೇಲೇ ಹಾದು ಬಂದ್ರೂ ಅತಿ ಹತ್ತಿರದ ದಾರಿಗಿಂತ ಜಾಸ್ತಿ ಆಗೋದು ನಾನೂರು ಕಿಲೋಮೀಟರ್ ಒಳಗೆ, ಅರ್ಧ ಗಂಟೆ ಕೂಡ ಇಲ್ಲ.

ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನದ ಕಥೆ ಇದಕ್ಕಿಂತ ಮಜಾ ಇದೆ. ಮೊದಲು ಅದು ಅಟ್ಲಾಂಟಿಕ್ ಕಡೆಯಿಂದ ಹೋಗ್ತಿತ್ತು, ಸುಮಾರು 13,900 ಕಿಲೋಮೀಟರ್. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿದ್ರು, ದೂರ 15,300 ಆಯ್ತು. ಸಾವಿರದ ನಾನೂರು ಕಿಲೋಮೀಟರ್ ಜಾಸ್ತಿ, ಅಂದ್ರೆ ಬೆಂಗಳೂರಿಂದ ಬೀದರ್‌ಗೆ ಹೋಗಿ ವಾಪಸ್ ಬಂದಷ್ಟು, ಆದ್ರೂ ಹದಿನಾಲ್ಕೂವರೆ ಗಂಟೆ ಆಸುಪಾಸಲ್ಲಿ ತಲುಪಿಬಿಟ್ರು, ಹಳೇ ದಾರಿಗಿಂತ ಬೇಗ. ದೂರದ ದಾರಿ ಹತ್ತಿರ ಆಗೋದು ಆಕಾಶದಲ್ಲಿ ಮಾತ್ರ ಅಲ್ಲ, ಸಿಲ್ಕ್ ಬೋರ್ಡ್ ತಪ್ಪಿಸಿ ನೈಸ್ ರೋಡ್ ಹಿಡಿಯೋರಿಗೂ ಈ ಲೆಕ್ಕ ಗೊತ್ತು.

ಈ ಗಾಳಿಯನ್ನ ಮೊದಲು ಅಳೆದು ಬರೆದಿಟ್ಟವನು ವಾಸಬುರೋ ಓಯಿಶಿ ಅಂತ ಒಬ್ಬ ಜಪಾನೀ ಹವಾಮಾನ ತಜ್ಞ, 1920ರ ದಶಕದಲ್ಲಿ ತಾತೆನೋ ಅನ್ನೋ ಕಡೆ ಬಲೂನ್ ಬಿಟ್ಟು ಬಿಟ್ಟು ನೋಡಿದಾತ. ಪ್ರಪಂಚಕ್ಕೆಲ್ಲ ತಿಳೀಲಿ ಅಂತ ಪುಣ್ಯಾತ್ಮ ಅದನ್ನ ಎಸ್ಪೆರಾಂಟೋ ಅನ್ನೋ, ಎಲ್ಲ ದೇಶದವರಿಗೂ ಒಂದೇ ಇರಲಿ ಅಂತ ಕಟ್ಟಿದ ಭಾಷೇಲಿ ಪ್ರಕಟಿಸಿದ. ಯಾರೂ ಓದಲಿಲ್ಲ. 1944ರಲ್ಲಿ ಅಮೆರಿಕದ ಬಾಂಬರ್ ವಿಮಾನದವರು ಜಪಾನ್ ಮೇಲೆ ಬಂದು ಈ ಗಾಳಿಗೆ ಸಿಕ್ಕಿ ಕಕ್ಕಾಬಿಕ್ಕಿಯಾದ ಮೇಲೇ ಎಲ್ಲರೂ ಕಣ್ಣು ಬಿಟ್ಟಿದ್ದು. ಕನ್ನಡದಲ್ಲಿ ವಿಜ್ಞಾನ ಬರ್ಕೊಂಡು ಕೂತಿರೋ ನನ್ನಂಥವರಿಗೆ ಈ ಕಥೆ ಸ್ವಲ್ಪ ಚುರುಕ್ ಅನ್ನುತ್ತೆ.

ಪ್ರಶ್ನೆ: ಒಂದು ವೆಬ್‌ಸೈಟ್ 13,990 ಅನ್ನುತ್ತೆ, ಇನ್ನೊಂದು 8,690, ಮತ್ತೊಂದು 7,550. ಮೂರೂ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋದೇ. — ದಾವಣಗೆರೆಯಿಂದ ಒಬ್ಬರು

ಉತ್ತರ: ಮೂರೂ ಸರಿ. ಮೊದಲನೇದು ಕಿಲೋಮೀಟರ್, ಎರಡನೇದು ಮೈಲಿ, ಮೂರನೇದು ನಾಟಿಕಲ್ ಮೈಲಿ, ಪೈಲಟ್‌ಗಳು ಲೆಕ್ಕ ಇಡೋದು ಇದರಲ್ಲೇ. ಒಂದು ನಾಟಿಕಲ್ ಮೈಲಿ 1.852 ಕಿಲೋಮೀಟರ್. ಇದೇನು ಇಂಥ ಅಡ್ಡಾದಿಡ್ಡಿ ಸಂಖ್ಯೆ ಅಂದ್ರೆ, ಅಕ್ಷಾಂಶದ ಒಂದು ಡಿಗ್ರಿಯನ್ನ ಅರವತ್ತು ಭಾಗ ಮಾಡಿದ್ರೆ ಒಂದು ಭಾಗಕ್ಕೆ ನೆಲದ ಮೇಲೆ ಅಷ್ಟು ಉದ್ದ ಬರುತ್ತೆ, ಹಡಗಿನವರ ಕಾಲದಿಂದ ಬಂದ ಅಳತೆ. ಹತ್ತಿಪ್ಪತ್ತು ಕಿಲೋಮೀಟರ್ ಅತ್ತಿತ್ತ ಆದ್ರೆ ತಲೆ ಕೆಡಿಸ್ಕೋಬೇಡಿ, ಒಬ್ಬರು ಊರಿನ ಮಧ್ಯದಿಂದ ಅಳೀತಾರೆ, ಒಬ್ಬರು ದೇವನಹಳ್ಳಿಯಿಂದ.

ಪ್ರಶ್ನೆ: ಸರ್, ಭೂಮಿ ತಿರುಗ್ತಾ ಇದೆಯಲ್ಲ, ಹೆಲಿಕಾಪ್ಟರ್‌ನಲ್ಲಿ ಮೇಲೆ ಹೋಗಿ ಒಂದೇ ಕಡೆ ನಿಂತ್ರೆ ಸ್ಯಾನ್ ಫ್ರಾನ್ಸಿಸ್ಕೋನೇ ಕೆಳಗೆ ಬರಲ್ವಾ? ಪೆಟ್ರೋಲೂ ಉಳಿಯುತ್ತೆ. — ಪಿಯುಸಿ ವಿದ್ಯಾರ್ಥಿ, ಗದಗ

ಉತ್ತರ: ತಮ್ಮಾ, ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ, ಪ್ರತಿ ವರ್ಷವೂ ನನಗೆ ಖುಷಿಯಾಗುತ್ತೆ. ಗದಗದಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಹೋಗ್ತಾ ಒಳಗೆ ಒಂದು ನೊಣ ಹಾರಾಡ್ತಿರುತ್ತಲ್ಲ, ಅದು ಸೀಟ್ ಮೇಲೆ ಕೂತಿಲ್ಲ, ಗಾಳೀಲಿದೆ, ಹಾಗಂತ ಬಸ್ ಮುಂದೆ ಹೋದ ತಕ್ಷಣ ಹಿಂದಿನ ಗಾಜಿಗೆ ಬಡಿಯುತ್ತಾ? ಇಲ್ಲ, ಬಸ್ಸಿನೊಳಗಿನ ಗಾಳಿಯೂ ಬಸ್ ಜೊತೆಗೇ ಬರ್ತಿದೆ. ಬೆಂಗಳೂರು ಇರೋ ಜಾಗ ಭೂಮಿ ಜೊತೆ ಗಂಟೆಗೆ 1,600 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ತಿರುಗ್ತಿದೆ, ಮೇಲಿನ ಗಾಳಿಯೂ, ಹೆಲಿಕಾಪ್ಟರೂ, ನೀನೂ, ನಾನೂ ಅದರ ಜೊತೆಗೇ. ಇನ್ನೊಂದು ವಿಷಯ ಗಮನಿಸು, ಸ್ಯಾನ್ ಫ್ರಾನ್ಸಿಸ್ಕೋ ಬೆಂಗಳೂರಿನ ನೇರಕ್ಕೆ ಇಲ್ಲ, ತುಂಬಾ ಉತ್ತರಕ್ಕಿದೆ. ನೀನು ಹೇಳಿದ ಹಾಗೆ ಭೂಮಿಯೇ ತಿರುಗಿ ಬಂದ್ರೂ ಕೆಳಗೆ ಸಿಗೋದು ಪೆಸಿಫಿಕ್ ಸಮುದ್ರ, ಈಜು ಕಲ್ತಿದೀಯಾ?

ಪ್ರಶ್ನೆ: ಟಿಕೆಟ್ಟಲ್ಲಿ ಒಂದು ಟೈಮ್, ಪೈಲಟ್ ಮೈಕಲ್ಲಿ ಹೇಳೋದು ಅದಕ್ಕಿಂತ ಮುಕ್ಕಾಲು ಗಂಟೆ ಕಮ್ಮಿ. ಮೋಸನಾ? — ಶಿವಮೊಗ್ಗ

ಉತ್ತರ: ಮೋಸ ಅಲ್ಲ, ಮುಂಜಾಗ್ರತೆ. ಟಿಕೆಟ್ಟಲ್ಲಿರೋದು ಬ್ಲಾಕ್ ಟೈಮ್, ಅಂದ್ರೆ ಇಲ್ಲಿ ಗೇಟಿಂದ ಹಿಂದಕ್ಕೆ ತಳ್ಳಿದ ಕ್ಷಣದಿಂದ ಅಲ್ಲಿ ಗೇಟಲ್ಲಿ ನಿಲ್ಲೋ ತನಕ. ಪೈಲಟ್ ಹೇಳೋದು ರನ್‌ವೇ ಬಿಟ್ಟು ರನ್‌ವೇ ಮುಟ್ಟೋ ತನಕ. ಕ್ಯೂ ನಿಲ್ಲೋದು, ರನ್‌ವೇ ತನಕ ತೆವಳೋದು ಇದೆಲ್ಲ ಮಧ್ಯೆ ಸೇರ್ಕೊಳ್ಳುತ್ತೆ, ಮೇಲೆ ಒಂದಿಷ್ಟು ಜಾಸ್ತಿನೂ ಇಟ್ಕೊಂಡಿರ್ತಾರೆ, ಲೇಟಾದ್ರೂ ಸರಿಯಾದ ಟೈಮಿಗೆ ಬಂದ್ವಿ ಅನ್ನಿಸ್ಕೊಳ್ಳೋಕೆ. ನಾನೊಂದ್ಸಲ ಹೀಗೇ ಇಪ್ಪತ್ತೈದು ನಿಮಿಷ ಮುಂಚೆ ಇಳಿದು, ಎಲ್ಲರೂ ಚಪ್ಪಾಳೆ ತಟ್ಟಿ, ಗೇಟ್ ಖಾಲಿ ಇಲ್ಲ ಅಂತ ಮುಕ್ಕಾಲು ಗಂಟೆ ವಿಮಾನದೊಳಗೇ ನಿಂತಿದ್ದೆ, ತಲೆ ಮೇಲಿನ ಬ್ಯಾಗ್ ಇಳಿಸಿಕೊಂಡವರು ತಿರುಗಿ ಮೇಲಿಡೋಕೂ ಆಗದೆ ಮಗು ಥರ ಎತ್ಕೊಂಡಿದ್ರು.

ಟಿಕೆಟ್ ಮಾತು ಬಂತಲ್ಲ, ಹಾಗೇ ಇದನ್ನೂ ಹೇಳಿಬಿಡ್ತೀನಿ. ಡೈರೆಕ್ಟ್ ಅಂದ್ರೆ ನಾನ್‌ಸ್ಟಾಪ್ ಅಲ್ಲ. ನಾನ್‌ಸ್ಟಾಪ್ ಅಂದ್ರೆ ಎಲ್ಲೂ ಇಳಿಯಲ್ಲ. ಡೈರೆಕ್ಟ್ ಅಂದ್ರೆ ವಿಮಾನದ ನಂಬರ್ ಒಂದೇ, ಮಧ್ಯೆ ಎಲ್ಲಾದ್ರೂ ಇಳಿದು ಹತ್ತಿಸಿಕೊಂಡು ಹೋಗಬಹುದು, ನಮ್ಮ ಶಟಲ್ ಬಸ್ ಥರ. ನಡುವೆ ವಿಮಾನ ಬದಲಾಯಿಸೋದಾದ್ರೆ ದೂರವೂ ಬೆಳೆಯುತ್ತೆ, ದುಬೈ ಮೇಲೆ ಹೋದ್ರೆ ಸುಮಾರು 15,700 ಕಿಲೋಮೀಟರ್, ಫ್ರಾಂಕ್‌ಫರ್ಟ್ ಮೇಲೆ ಹದಿನಾರೂವರೆ ಸಾವಿರ, ಅಲ್ಲಿ ಕಾಯೋದು ಬೇರೆ. ವಯಸ್ಸಾದವರಿಗೆ ಆ ಕಾಯೋದೇ ವರ ಅಂತ ನನ್ನ ಅಭಿಪ್ರಾಯ, ಕಾಲು ನೀಡಿ ಓಡಾಡಬಹುದು.

ಪ್ರಶ್ನೆ: ಧ್ರುವದ ಮೇಲೆ ಹೋಗೋವಾಗ ಕಿಟಕಿಯಿಂದ ಏನಾದ್ರೂ ಕಾಣುತ್ತಾ? ಕಿಟಕಿ ಸೀಟಿಗೆ ಜಾಸ್ತಿ ದುಡ್ಡು ಕೇಳ್ತಿದಾರೆ. ಅಲ್ಲಿ ಏನಾದ್ರೂ ಆದ್ರೆ ಗತಿ ಏನು? — ಶಿರಸಿ

ಉತ್ತರ: ಚಳಿಗಾಲದಲ್ಲಾದ್ರೆ ಕತ್ತಲೆ, ದುಡ್ಡು ಉಳಿಸಿ. ಬೇಸಿಗೇಲಿ ಹಗಲಾದ್ರೆ ಒಡೆದ ಹೆಂಚಿನ ಥರ ಮಂಜುಗಡ್ಡೆ, ಅದು ಬೇಕಾದ್ರೆ ಕೊಡಿ. ದಿಕ್ಸೂಚಿ ಅಲ್ಲಿ ನಂಬೋ ಹಾಗಿಲ್ಲ, ಅದಕ್ಕೆ ಪೈಲಟ್‌ಗಳು ಕಾಂತದ ಉತ್ತರ ಬಿಟ್ಟು ಭೂಮಿಯ ನಿಜವಾದ ಉತ್ತರ ಹಿಡ್ಕೊಂಡು ಹೋಗ್ತಾರೆ. ಅವ್ರಿಗೆ ಇನ್ನೊಂದು ತಲೆನೋವು ಇಂಧನ. ಹೊರಗೆ ಸೊನ್ನೆಗಿಂತ ಅರವತ್ತು ಡಿಗ್ರಿ ಕೆಳಗೆ ಇರೋದುಂಟು, ನಮ್ಮಲ್ಲಿ ತುಂಬಿಸೋ ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಕೆಳಗೆ ಗಟ್ಟಿಯಾಗೋಕೆ ಶುರುವಾಗುತ್ತೆ, ಚಳೀಲಿ ಕೊಬ್ಬರಿ ಎಣ್ಣೆ ಬಾಟ್ಲೀಲಿ ಆಗೋ ಹಾಗೆ. ಮೊದಲ ವಿಮಾನದ ಥರದ ಬೋಯಿಂಗ್ 777-200ಎಲ್‌ಆರ್‌ನ ಟ್ಯಾಂಕಲ್ಲಿ 1,80,000 ಲೀಟರ್ ಮೇಲೆ ಹಿಡಿಯುತ್ತೆ, ಅಷ್ಟು ಎಣ್ಣೆ ಬೇಗ ತಣ್ಣಗಾಗಲ್ಲ, ಆದ್ರೂ ಸ್ಕ್ರೀನ್ ಮೇಲೆ ಇಂಧನದ ಉಷ್ಣಾಂಶ ನೋಡ್ತಾನೇ ಇರ್ತಾರೆ, ತೀರಾ ಕೆಳಗೆ ಬಂದ್ರೆ ಸ್ವಲ್ಪ ಕೆಳಗಿಳಿಸ್ತಾರೆ ಇಲ್ಲಾ ವೇಗ ಹೆಚ್ಚಿಸ್ತಾರೆ, ಗಾಳಿಯ ಉಜ್ಜಾಟಕ್ಕೇ ರೆಕ್ಕೆ ಬೆಚ್ಚಗಾಗುತ್ತೆ.

ಏನಾದ್ರೂ ಆದ್ರೆ ಇಳಿಯೋಕೆ ಸೈಬೀರಿಯಾ, ಅಲಾಸ್ಕಾ ಕಡೆಯ ಏರ್‌ಪೋರ್ಟ್‌ಗಳನ್ನ ಹೊರಡೋ ಮುಂಚೆನೇ ಗುರುತು ಹಾಕ್ಕೊಂಡಿರ್ತಾರೆ. ಧ್ರುವದ ಮೇಲೆ ಹಾರೋ ವಿಮಾನದಲ್ಲಿ ಕಡಿಮೆ ಅಂದ್ರೆ ಎರಡು ಜೊತೆ ಹಿಮದ ಕೋಟು ಇರಲೇಬೇಕು ಅಂತ ಅಮೆರಿಕದವರ ನಿಯಮವೂ ಇದೆ. ಇನ್ನೂರು ಚಿಲ್ಲರೆ ಜನಕ್ಕೆ ಎರಡು ಕೋಟು! ಅದು ಹೊರಗಿಳಿದು ಕೆಲಸ ಮಾಡೋ ಸಿಬ್ಬಂದಿಗೆ, ನಿಮಗಲ್ಲ. ಸ್ವೆಟರ್ ಲಗೇಜಿಗೆ ಹಾಕ್ಬೇಡಿ, ಕೈಚೀಲದಲ್ಲಿ ಇಟ್ಕೊಳ್ಳಿ.